ಹಿಡಿಯುವವರಿಂದ ತಪ್ಪಿಸಿಕೊಳ್ಳುವ ಬಗೆ

ಬೇಟೆಗಾರನಿಗೆ ಸಿಗದೆ ಉಳಿಯಬೇಕಾದರೆ ಅವನು ಯಾವ ಇಂದ್ರಿಯದಿಂದ ಹುಡುಕುತ್ತಾನೆ ಎಂಬುದು ಮುಖ್ಯ. ಇರುಳಲ್ಲಿ ಹಾರುವ ಪತಂಗಕ್ಕೆ ಕತ್ತಲೆಯ ಮರೆ ಸಾಲದು. ಕೀಟ ತಿನ್ನುವ ಬಾವಲಿಗಳು ಮನುಷ್ಯರಿಗೆ ಕೇಳಿಸದಷ್ಟು ತಾರಕದಲ್ಲಿ ಕೂಗುತ್ತ, ಮರಳಿ ಬರುವ ಮಾರ್ದನಿಯಿಂದಲೇ ಬೇಟೆಯ ಜಾಡು ಹಿಡಿಯುತ್ತವೆ.

ಆ ಕೂಗೇ ಪತಂಗಕ್ಕೆ ಎಚ್ಚರಿಕೆಯೂ ಆಗುತ್ತದೆ. ಅಮೆರಿಕದ ಕೆನೆತ್ ರೋಡರ್ ಇದನ್ನು ವಿವರವಾಗಿ ಅಧ್ಯಯನ ಮಾಡಿದರು. ನಾಕ್ಟುಯಿಡ್ ಕುಟುಂಬದ ಪತಂಗಗಳ ಒಂದೊಂದು ಕಿವಿಯಲ್ಲೂ ಶಬ್ದ ಗ್ರಹಿಸುವ ಕೋಶಗಳು ಕೇವಲ ಎರಡು. ಬಾವಲಿ ದೂರವಿದೆಯೋ ಹತ್ತಿರ ಬಂತೋ ಎಂದು ತಿಳಿಯಲು ಅಷ್ಟೇ ಸಾಕು. ದೂರವಿದ್ದರೆ ಪತಂಗ ಬೇರೆ ದಿಕ್ಕಿಗೆ ತಿರುಗುತ್ತದೆ. ತೀರ ಹತ್ತಿರವಾದರೆ ಅಡ್ಡಾದಿಡ್ಡಿ ಸುತ್ತುತ್ತದೆ, ಇಲ್ಲವೆ ರೆಕ್ಕೆ ಮುಚ್ಚಿ ನೆಲದತ್ತ ಬೀಳುತ್ತದೆ. ಬರ್ತೋಲ್ಡಿಯಾ ಟ್ರೈಗೋನಾ ಎಂಬ ಪತಂಗದ ಉಪಾಯ ಇನ್ನೂ ಅದ್ಭುತ. ಅದು ತಾನೇ ಸೆಕೆಂಡಿಗೆ ಸಾವಿರಾರು ಸಲ ಟಿಕ್‌ಟಿಕ್ ಎಂದು ಸದ್ದು ಹೊರಡಿಸಿ ಬಾವಲಿಯ ಅಂದಾಜನ್ನೇ ಕೆಡಿಸುತ್ತದೆ ಎಂಬುದು 2009ರಲ್ಲಿ ಪ್ರಯೋಗಗಳಿಂದ ತಿಳಿಯಿತು. ಬಾವಲಿಗಳೂ ಸುಮ್ಮನಿಲ್ಲ. ಯುರೋಪಿನ ಬಾರ್ಬಸ್ಟೆಲ್ ಬಾವಲಿ ಎಷ್ಟು ಮೆಲ್ಲಗೆ ಕೂಗುತ್ತದೆಂದರೆ, ಪತಂಗಕ್ಕೆ ಕೇಳಿಸುವ ಹೊತ್ತಿಗೆ ಅದು ಪಕ್ಕದಲ್ಲೇ ಇರುತ್ತದೆ.

ರೇಡಾರ್ ನಡೆಯುವುದೂ ಮಾರ್ದನಿಯ ತತ್ವದ ಮೇಲೆಯೇ. 1943ರ ಜುಲೈನಲ್ಲಿ ಹ್ಯಾಂಬರ್ಗ್ ಮೇಲೆ ದಾಳಿ ಮಾಡಿದ ಬ್ರಿಟಿಷ್ ವಿಮಾನಗಳು ಅಲ್ಯೂಮಿನಿಯಂ ಲೇಪಿಸಿದ ಕಾಗದದ ಪಟ್ಟಿಗಳನ್ನು ರಾಶಿ ರಾಶಿಯಾಗಿ ಸುರಿದವು. ಪಟ್ಟಿಯ ಉದ್ದ ಜರ್ಮನ್ ರೇಡಾರಿನ ತರಂಗಾಂತರದ ಸುಮಾರು ಅರ್ಧದಷ್ಟಿತ್ತು. ಹಾಗಾಗಿ ಪರದೆಯ ತುಂಬ ಸುಳ್ಳು ಗುರುತುಗಳೇ ಕಂಡವು. 1981ರಲ್ಲಿ ಮೊದಲು ಹಾರಿದ ಅಮೆರಿಕದ ಎಫ್-117 ವಿಮಾನ ತನ್ನ ಚಪ್ಪಟೆ ಮುಖಗಳಿಂದ ರೇಡಾರ್ ಅಲೆಗಳನ್ನು ಬೇರೆಡೆಗೆ ಚದುರಿಸುತ್ತಿತ್ತು. ಆದರೆ ಈ ವಿನ್ಯಾಸ ಪರಿಣಾಮಕಾರಿಯಾಗುವುದು ಮುಖ್ಯವಾಗಿ ಕಿರು ತರಂಗಾಂತರದ ರೇಡಾರ್‌ಗಳ ಎದುರು. 1999ರ ಮಾರ್ಚ್ 27ರಂದು ಸರ್ಬಿಯಾದಲ್ಲಿ ಇಂಥ ಒಂದು ವಿಮಾನವನ್ನು ಹೊಡೆದುರುಳಿಸಲಾಯಿತು.

ಎಲ್ಲಕ್ಕಿಂತ ಕ್ರೂರವಾದ ಕಣ್ಣಾಮುಚ್ಚಾಲೆ ನಡೆಯುವುದು ರೋಗಿಯ ರಕ್ತದಲ್ಲಿ. ಆಫ್ರಿಕಾದ ನಿದ್ರಾರೋಗವನ್ನು ತರುವ ಟ್ರಿಪನೊಸೋಮ್ ಎಂಬ ಏಕಕೋಶ ಜೀವಿ, ತ್ಸೆತ್ಸೆ ನೊಣದ ಕಡಿತದಿಂದ ದೇಹ ಸೇರಿ, ರಕ್ತದಲ್ಲಿ ಬಯಲಲ್ಲೇ ಈಜಾಡುತ್ತದೆ. ಅದರ ಮೈ ಪೂರ್ತಿ ಒಂದೇ ಬಗೆಯ ಪ್ರೋಟೀನಿನ ಹೊದಿಕೆ. ದೇಹ ಅದನ್ನು ಗುರುತಿಸಿ ಪ್ರತಿಕಾಯಗಳನ್ನು ತಯಾರಿಸುವಷ್ಟರಲ್ಲಿ ಕೆಲವು ಜೀವಿಗಳು ಹೊದಿಕೆ ಬದಲಿಸಿರುತ್ತವೆ. ಉಳಿದವು ಸತ್ತರೂ ಇವು ಮತ್ತೆ ಬೆಳೆಯುತ್ತವೆ. ಹೊಸ ಹೊದಿಕೆಗೆ ಬೇಕಾದ ಜೀನ್‌ಗಳು ಅವುಗಳ ಬಳಿ ಸಾವಿರಕ್ಕೂ ಹೆಚ್ಚು ಇವೆ. ಈ ರೋಗಕ್ಕೆ ಲಸಿಕೆ ಇಲ್ಲದಿರಲು ಇದೇ ದೊಡ್ಡ ಕಾರಣ. ಔಷಧಿಗೆ ಮಾತ್ರ ಹೊದಿಕೆಯ ಹಂಗಿಲ್ಲ. ನೇರವಾಗಿ ಜೀವಿಯ ಒಳಗೆ ಕೆಲಸ ಮಾಡುವ ಫೆಕ್ಸಿನಿಡಜೋಲ್ ಮಾತ್ರೆಯನ್ನು ಹತ್ತು ದಿನ ನುಂಗಿದರೆ ಬಹುತೇಕ ರೋಗಿಗಳು ಗುಣವಾಗುತ್ತಾರೆ.