ಕುದಿಯುವ ನೀರಿನ ಲೆಕ್ಕಕ್ಕೆ ಸಾಕ್ಷಿ ಯಾರು?

ಕಾರವಾರ ತಾಲ್ಲೂಕಿನ ಕೈಗಾದಲ್ಲಿ ಈಗಾಗಲೇ ಇರುವ ನಾಲ್ಕು ಪರಮಾಣು ವಿದ್ಯುತ್ ಘಟಕಗಳು ತಲಾ 220 ಮೆಗಾವಾಟ್ ಸಾಮರ್ಥ್ಯದವು. ಇವುಗಳ ಕೊಳವೆಗಳಲ್ಲಿ ಹರಿಯುವ ಭಾರಜಲ 290 ಡಿಗ್ರಿ ಸೆಲ್ಸಿಯಸ್ ದಾಟಿದರೂ ಕುದಿಯುವುದಿಲ್ಲ. ಒತ್ತಡ ಅದನ್ನು ಅದುಮಿ ಹಿಡಿದಿರುತ್ತದೆ. 2017ರಲ್ಲಿ ಕೇಂದ್ರ ಸಂಪುಟ ಒಪ್ಪಿದ ಐದು ಮತ್ತು ಆರನೇ ಘಟಕಗಳ ಮಾತು ಬೇರೆ. ತಾರಾಪುರದ 540 ಮೆಗಾವಾಟ್ ರಿಯಾಕ್ಟರಿನಲ್ಲಿರುವಂತೆ ಇವುಗಳಲ್ಲೂ 392 ಕೊಳವೆಗಳು. ಆದರೆ ತೆಗೆಯುವ ವಿದ್ಯುತ್ ತಲಾ 700 ಮೆಗಾವಾಟ್. ಈ ವಿನ್ಯಾಸದಲ್ಲಿ ಕೊಳವೆಯ ಕೊನೆಯಲ್ಲಿ ಸುಮಾರು ಶೇ 3ರಷ್ಟು ಭಾರಜಲ ಆವಿಯಾಗಲು ಅವಕಾಶ ಕೊಟ್ಟಿದ್ದಾರೆ. ಇದೇ ಮಾದರಿಯ ಮೊದಲ ಘಟಕ ಗುಜರಾತಿನ ಕಾಕ್ರಾಪಾರದಲ್ಲಿ 2023ರಿಂದ ವಾಣಿಜ್ಯ ಉತ್ಪಾದನೆಯಲ್ಲಿದೆ.

ಕುದಿತ ಶಾಖವನ್ನು ಭರ್ಜರಿಯಾಗಿ ಹೊತ್ತೊಯ್ಯುತ್ತದೆ, ಒಂದು ಮಿತಿಯವರೆಗೆ. ಆ ಮಿತಿಯನ್ನು ಮೊದಲು ಅಳೆದು ತೋರಿಸಿದವರು ಜಪಾನಿನ ತೊಹೊಕು ವಿಶ್ವವಿದ್ಯಾಲಯದ ಶಿರೊ ನುಕಿಯಾಮ. 1934ರಲ್ಲಿ ಪ್ರಕಟವಾದ ಅವರ ಪ್ರಯೋಗದ ಸಲಕರಣೆ ಸರಳ: ಕುದಿಯುವ ನೀರಿನಲ್ಲಿ ಮುಳುಗಿಸಿದ ತೆಳು ತಂತಿ, ಅದರಲ್ಲಿ ಹರಿಸಿದ ವಿದ್ಯುತ್. ತಂತಿಯ ವಿದ್ಯುತ್ ರೋಧದಿಂದಲೇ ಅದರ ಉಷ್ಣತೆ ತಿಳಿಯುತ್ತಿತ್ತು. ವಿದ್ಯುತ್ ಏರಿಸುತ್ತ ಹೋದಂತೆ ಗುಳ್ಳೆಗಳು ಹೆಚ್ಚಿದವು, ಶಾಖವೂ ಸಲೀಸಾಗಿ ಹೊರಬಿತ್ತು. ಚದರ ಮೀಟರಿಗೆ ಸುಮಾರು 10 ಲಕ್ಷ ವಾಟ್ ಮುಟ್ಟುವ ಹೊತ್ತಿಗೆ ಗುಳ್ಳೆಗಳು ಒಂದಕ್ಕೊಂದು ಕೂಡಿ ತಂತಿಯ ಸುತ್ತ ಆವಿಯ ಪೊರೆಯಾದವು. ನೀರು ತಾಗದ ತಂತಿಯ ಉಷ್ಣತೆ ಒಮ್ಮೆಲೇ ನೂರಾರು ಡಿಗ್ರಿ ಜಿಗಿಯಿತು. ನಿಕ್ರೋಮ್ ತಂತಿ ಸುಟ್ಟು ಹೋಯಿತು. ಪ್ಲಾಟಿನಂ ಕೆಂಪಗೆ ಉರಿದು ಉಳಿಯಿತು. ಕಾದ ಹಂಚಿನ ಮೇಲೆ ಬಿದ್ದ ಹನಿ ಬೇಗ ಆರದೆ ಅತ್ತಿಂದಿತ್ತ ಓಡುವುದನ್ನು ರೊಟ್ಟಿ ಬಡಿಯುವವರೆಲ್ಲ ಕಂಡಿದ್ದಾರೆ. ಅಲ್ಲಿ ಹನಿಯನ್ನು ಎತ್ತಿ ಹಿಡಿಯುವುದೂ ಇಂಥದೇ ಪೊರೆ.

ತಂತಿಯ ಜಾಗದಲ್ಲಿ ಇಂಧನ ಕಡ್ಡಿ ಇದ್ದರೆ? ಅದೂ ಹೀಗೆಯೇ ಕಾದು ಹಾಳಾಗಬಹುದು. ಅಮೆರಿಕದ 1974ರ ನಿಯಮ ಅಪಘಾತದ ಲೆಕ್ಕಾಚಾರದಲ್ಲೂ ಕಡ್ಡಿಯ ಹೊದಿಕೆ 1,204 ಡಿಗ್ರಿ ಮೀರಬಾರದು ಎಂದಿತು. ಆದರೆ ಪೈಪು ಒಡೆದರೆ ಏನಾಗುತ್ತದೆಂದು ನಡೆಯುತ್ತಿರುವ ಸ್ಥಾವರದಲ್ಲಿ ಪರೀಕ್ಷಿಸಿ ನೋಡುವಂತಿಲ್ಲ. ಹೀಗೆ ಹುಟ್ಟಿದ್ದು ರಿಲ್ಯಾಪ್, ಕ್ಯಾಥೀನಾದಂಥ ಕಂಪ್ಯೂಟರ್ ಮಾದರಿಗಳು. ಇವು ಕೊಳವೆಯನ್ನು ತುಂಡುತುಂಡಾಗಿ ವಿಂಗಡಿಸಿ, ನೀರು ಮತ್ತು ಆವಿಯ ದ್ರವ್ಯರಾಶಿ, ವೇಗ, ಶಕ್ತಿಗಳ ಲೆಕ್ಕವನ್ನು ಬೇರೆಬೇರೆ ಇಡುತ್ತವೆ. ಆದರೆ ಲೋಹದಿಂದ ನೀರಿಗೆ ಎಷ್ಟು ಶಾಖ ಹೋಯಿತು, ಗುಳ್ಳೆ ಯಾವಾಗ ಪೊರೆಯಾಯಿತು ಎಂಬುದು ಮೂಲ ಭೌತನಿಯಮಗಳಿಂದ ನೇರವಾಗಿ ಸಿಗುವುದಿಲ್ಲ. ಅದಕ್ಕೆ ಪ್ರಯೋಗದಿಂದ ಕಟ್ಟಿದ ಸೂತ್ರಗಳೇ ಬೇಕು. ಗುಳ್ಳೆ ಪೊರೆಯಾಗುವ ಈ ಮಿತಿಶಾಖದ 2006ರ ಅಂತರರಾಷ್ಟ್ರೀಯ ಕೋಷ್ಟಕದ ಹಿಂದೆ 30,000ಕ್ಕೂ ಹೆಚ್ಚು ಅಳತೆಗಳಿವೆ. ಅಷ್ಟಿದ್ದರೂ ಅದು 8 ಮಿಲಿಮೀಟರ್ ವ್ಯಾಸದ ಒಂಟಿ ನಳಿಗೆಯ ಲೆಕ್ಕ. ಕೈಗಾದ ಹೊಸ ಘಟಕಗಳ ಇಂಧನ ಕಟ್ಟಿನಲ್ಲಿ ಇರುವುದು 37 ಕಡ್ಡಿ.

ಆದ್ದರಿಂದ ಮಾದರಿಯನ್ನು ಒರೆಗೆ ಹಚ್ಚಬೇಕು. ಅಮೆರಿಕದ ಇಡಾಹೊದಲ್ಲಿ ಇದಕ್ಕೆಂದೇ ಲಾಫ್ಟ್ ಎಂಬ ಪುಟ್ಟ ರಿಯಾಕ್ಟರ್ ಕಟ್ಟಿ, 1978ರ ಡಿಸೆಂಬರಿನಲ್ಲಿ ಪೈಪು ಒಡೆದ ಸ್ಥಿತಿಯನ್ನು ಸೃಷ್ಟಿಸಿದರು. ಲೆಕ್ಕ ಹೇಳಿದ್ದಕ್ಕಿಂತ ಬೇಗ ನೀರು ಕಡ್ಡಿಗಳನ್ನು ಮತ್ತೆ ತೋಯಿಸಿತು. ಭಾರಜಲ ರಿಯಾಕ್ಟರುಗಳಿಗೆ ಕೆನಡಾದ ಆರ್‌ಡಿ-14ಎಂ ಎಂಬ ಪ್ರಯೋಗವ್ಯವಸ್ಥೆ ಒರೆಗಲ್ಲಾಯಿತು. ಅಲ್ಲಿ ಇಂಧನದ ಬದಲು ವಿದ್ಯುತ್ತಿನಿಂದ ಕಾಯುವ ಕಡ್ಡಿಗಳು. ಕೊಳವೆಗಳಿಗೆ ನೀರು ಹಂಚುವ ದಪ್ಪ ಪೈಪಿನಲ್ಲಿ 30 ಮಿಲಿಮೀಟರ್ ರಂಧ್ರ ಮಾಡಿ ಪಡೆದ ಅಳತೆಗಳ ಎದುರು ಭಾರತವೂ ಸೇರಿ ಆರು ದೇಶಗಳು ತಮ್ಮ ಲೆಕ್ಕಗಳನ್ನು ಇಟ್ಟು ನೋಡಿದವು. ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆ ಅದರ ವರದಿಯನ್ನು 2004ರಲ್ಲಿ ಪ್ರಕಟಿಸಿತು.

ಉತ್ತರ ಮೊದಲೇ ಗೊತ್ತಿದ್ದರೆ ಸೂತ್ರದ ಅಂಕಿಯನ್ನು ಅತ್ತಿತ್ತ ತಿರುಚಿ ಹೊಂದಿಸುವುದು ಸುಲಭ. ಅದಕ್ಕೇ ಕೆಲವು ಪರೀಕ್ಷೆಗಳಲ್ಲಿ ಫಲಿತಾಂಶ ಬಚ್ಚಿಟ್ಟು ಮೊದಲು ಲೆಕ್ಕ ಕೇಳುತ್ತಾರೆ. ಸಣ್ಣ ವ್ಯವಸ್ಥೆಯಲ್ಲಿ ಗೆದ್ದ ಸೂತ್ರ ದೊಡ್ಡದರಲ್ಲೂ ಗೆಲ್ಲುತ್ತದೆಂಬ ಖಾತರಿಯೂ ಇಲ್ಲ. ಹಾಗಾಗಿ ಇಂದು ಒಂದೇ ಅಂಕಿಯ ಉತ್ತರ ಸಾಲದು. ಅದು ಎಷ್ಟು ಹೆಚ್ಚುಕಡಿಮೆ ಆಗಬಹುದೆಂಬುದನ್ನೂ ಹೇಳಬೇಕು.

ಲೆಕ್ಕವನ್ನು ಹೀಗೆ ಒರೆಗೆ ಹಚ್ಚುವುದನ್ನು ತರಗತಿಯಲ್ಲೂ ಕಲಿಸಬಹುದು. 2009ರಲ್ಲಿ ಸ್ಥಾಪನೆಯಾದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯದ ಆವರಣವಿರುವ ಕಡಗಂಚಿ ಕೈಗಾದಿಂದ ದೂರವೇ ಸರಿ. ಆದರೆ ನುಕಿಯಾಮ ಪ್ರಯೋಗಕ್ಕೆ ರಿಯಾಕ್ಟರ್ ಬೇಡ. ತಂತಿ, ನೀರು, ವಿದ್ಯುತ್, ಪಕ್ಕದಲ್ಲೊಬ್ಬ ಎಚ್ಚರದ ಅಧ್ಯಾಪಕ ಇದ್ದರೆ ಸಾಕು. ಅಲ್ಲಿನ ವಿದ್ಯಾರ್ಥಿಗಳು ಮೊದಲು ತಮ್ಮ ಲೆಕ್ಕ ಬರೆದಿಟ್ಟು, ಆಮೇಲೆ ತಂತಿ ಕಾಯಿಸಲಿ. ಕಂಪ್ಯೂಟರಿನ ಮಾತನ್ನು ಎಷ್ಟು ನಂಬಬೇಕೆಂಬುದನ್ನು ಕಲಿಯಲು ಇದಕ್ಕಿಂತ ಅಗ್ಗದ ಪಾಠ ಸಿಗದು.