ಎದುರಂಗಡಿಯ ಆಷಾಢ

ಮೈಸೂರಿನ ದೇವರಾಜ ಅರಸು ರಸ್ತೆಯಲ್ಲಿ ಆಷಾಢಮಾಸದ ಒಂದು ಸಂಜೆ ನಡೆದುಹೋದವರಿಗೆ, ವ್ಯಾಪಾರಿಯ ಬುದ್ಧಿ ಶಾಸ್ತ್ರದ ನಿಷೇಧವನ್ನೇ ಬಂಡವಾಳವನ್ನಾಗಿ ಮಾಡಿಕೊಂಡ ಬಗೆಯನ್ನು ಮತ್ತೊಬ್ಬರು ವಿವರಿಸಬೇಕಾದ ಅಗತ್ಯವಿಲ್ಲ. ಮದುವೆಮುಂಜಿಗಳಿಲ್ಲದ, ಹೊಸ ಸೊಸೆ ಅತ್ತೆಯ ಮನೆಯನ್ನು ಬಿಟ್ಟು ತವರಿನಲ್ಲಿರಬೇಕಾದ, ಶುಕ್ರವಾರ ಬಂದಿತೆಂದರೆ ಊರಿನ ಜನವೆಲ್ಲ ಚಾಮುಂಡಿಬೆಟ್ಟದ ಕಡೆಗೆ ಮುಖಮಾಡುವ ಆ ತಿಂಗಳಿನಲ್ಲಿ ಜವಳಿಯನ್ನು ಕೇಳುವವರಿಲ್ಲದೆ ಹೋದುದರಿಂದಲೇ ರಿಯಾಯಿತಿಯ ಬೋರ್ಡು ಹುಟ್ಟಿತು. ಬೋರ್ಡು ಹುಟ್ಟಿದ ಮೇಲೆ ಕೇಳುವವರೂ ಹುಟ್ಟಿದರು. ಈಗ ಆಷಾಢವೆಂದರೆ ಜವಳಿ ಅಂಗಡಿಗಳಿಗೆ ಸುಗ್ಗಿಯ ಕಾಲ. ಒಂದು ಅಂಗಡಿ ಬೆಳಗ್ಗೆ ನೂರಕ್ಕೆ 20ರಷ್ಟು ಬೆಲೆ ಇಳಿಸಿತೆಂದರೆ ಎದುರಂಗಡಿಯಾತ ಮಧ್ಯಾಹ್ನದ ಊಟದೊಳಗಾಗಿ ಅದನ್ನು ಅರಿತು 25ಕ್ಕೆ ಇಳಿಸುತ್ತಾನೆ.

ಹೀಗೆ ಅರಿತುಕೊಳ್ಳುವ ವಿದ್ಯೆಯೇನೂ ಹೊಸದಲ್ಲ. ಬೆಂಗಳೂರಿನ ಚಿಕ್ಕಪೇಟೆಯಲ್ಲಿ ಗಾದಿಯ ಮೇಲೆ ಕುಳಿತ ಯಜಮಾನನು ಅಂಗಡಿಯ ಹುಡುಗನೊಬ್ಬನನ್ನು ಗಿರಾಕಿಯಂತೆ ನಟಿಸಲು ಹೇಳಿ ಆಚೆಯ ಸಾಲಿಗೆ ಅಟ್ಟುತ್ತಿದ್ದುದು, ಆ ಹುಡುಗ ಸೀರೆಯ ಸೆರಗನ್ನು ಮುಟ್ಟಿ ನೋಡಿ, ಬೆಲೆ ಕೇಳಿ, ಮನೆಯಲ್ಲಿ ವಿಚಾರಿಸಿ ಬರುವೆನೆಂದು ಹೇಳಿ ಹಿಂದಿರುಗುತ್ತಿದ್ದುದು ಪೇಟೆಯವರೆಲ್ಲರೂ ಬಲ್ಲ ಸಂಗತಿ; ಎದುರಿನವನೂ ಬಲ್ಲ, ಬಲ್ಲನಾದುದರಿಂದ ಕೆಲವೊಮ್ಮೆ ಬೇಕೆಂದೇ ಸುಳ್ಳು ಬೆಲೆ ಹೇಳಿ ಕಳುಹಿಸುತ್ತಿದ್ದ. ಕೌಟಿಲ್ಯನ ಅರ್ಥಶಾಸ್ತ್ರವು ಗೂಢಪುರುಷರ ಬಗೆಗಳನ್ನು ಎಣಿಸುವಲ್ಲಿ ವರ್ತಕನ ವೇಷದ ಚಾರನಿಗೆ ವೈದೇಹಕನೆಂಬ ಹೆಸರಿನಿಂದ ಪ್ರತ್ಯೇಕ ಸ್ಥಾನವನ್ನೇ ಕೊಟ್ಟಿದೆ. ಆ ಗ್ರಂಥದ ತಾಳೆಯೋಲೆಯ ಪ್ರತಿಯು 1905ರಲ್ಲಿ ಮೈಸೂರಿನ ಓರಿಯೆಂಟಲ್ ಲೈಬ್ರರಿಯಲ್ಲಿ ಆರ್. ಶಾಮಶಾಸ್ತ್ರಿಗಳ ಕೈಗೆ ಬಂದು, ಅವರ ಪರಿಶ್ರಮದಿಂದ 1909ರಲ್ಲಿ ಮುದ್ರಿತವಾಯಿತೆಂಬುದನ್ನು ನೆನೆದರೆ, ಈ ವಿದ್ಯೆಗೂ ದೇವರಾಜ ಅರಸು ರಸ್ತೆಗೂ ನಡುವಣ ದೂರ ಬಹಳವಲ್ಲ.

ಒಂದು ಬೀದಿಗೆ ಒಬ್ಬ ಹುಡುಗ ಸಾಕು. ಆದರೆ ಮೈಸೂರು, ಮಂಗಳೂರು, ಬೆಳಗಾವಿ, ಕೊಯಮತ್ತೂರು, ಕೋಲ್ಕತ್ತ ಎಂಬ ಐದು ಊರುಗಳಲ್ಲಿ ಸೀರೆಯಂಗಡಿಗಳನ್ನಿಟ್ಟಿರುವ ಒಬ್ಬ ವರ್ತಕನನ್ನು ಕಲ್ಪಿಸಿಕೊಳ್ಳೋಣ. ಒಂದೊಂದು ಊರಿನಲ್ಲಿಯೂ ಅವನಿಗೆ ಹತ್ತು ಹದಿನೈದು ಪ್ರತಿಸ್ಪರ್ಧಿಗಳು. ಅವರಲ್ಲಿ ಹೆಚ್ಚಿನವರು ಆ ಊರಿನ ಹೊರಗೆ ಹೆಸರೇ ಕೇಳದ ಸ್ಥಳೀಯರು, ಮೂರು ತಲೆಮಾರಿನಿಂದ ಅಲ್ಲಿಯೇ ಬೇರುಬಿಟ್ಟವರು. ಅವರ ಜಾಹೀರಾತು ಒಂದು ಕಾಲಕ್ಕೆ ಊರಿನ ಪತ್ರಿಕೆಯ ಮೂರನೆಯ ಪುಟದಲ್ಲಿಯೂ ಚಿತ್ರಮಂದಿರದ ಸ್ಲೈಡಿನಲ್ಲಿಯೂ ಮುಗಿಯುತ್ತಿತ್ತು. ಈಗ ಅದು ಫೇಸ್‌ಬುಕ್ಕು, ಇನ್‌ಸ್ಟಾಗ್ರಾಮು, ಯೂಟ್ಯೂಬುಗಳಲ್ಲಿ ದಿನಕ್ಕೊಂದು ರೂಪವನ್ನು ತಾಳಿ, ಕನ್ನಡ, ತುಳು, ಮರಾಠಿ, ತಮಿಳು, ಬಂಗಾಳಿಗಳಲ್ಲಿ ಹರಿದಾಡುತ್ತದೆ. ಅದನ್ನೆಲ್ಲ ನೋಡಿ, ಓದಿ, ಲೆಕ್ಕವಿಡಲು ಎಷ್ಟು ಹುಡುಗರನ್ನು ಅಟ್ಟಿದರೂ ಸಾಲದು. ಕೃತಕ ಬುದ್ಧಿಮತ್ತೆಯೆಂಬ ಹೊಸ ಚಾರನು ಪ್ರವೇಶಿಸುವುದು ಇಲ್ಲಿ.

ಈ ಚಾರನಿಗೆ ದಾರಿ ಮಾಡಿಕೊಟ್ಟದ್ದು ವ್ಯಾಪಾರವಲ್ಲ, ರಾಜಕೀಯ ಎಂಬುದು ಸ್ವಾರಸ್ಯದ ಸಂಗತಿ. ಅಮೆರಿಕದ 2016ರ ಚುನಾವಣೆಯಲ್ಲಿ ಮರೆಯ ಕೈಗಳು ಜಾಹೀರಾತುಗಳ ಮೂಲಕ ಮತದಾರರ ಮನಸ್ಸನ್ನು ಕದಡಿದುವೆಂಬ ಆಕ್ಷೇಪಣೆ ಎದ್ದಮೇಲೆ, ಫೇಸ್‌ಬುಕ್ ಸಂಸ್ಥೆಯು 2018ರಲ್ಲಿ ರಾಜಕೀಯ ಜಾಹೀರಾತುಗಳ ಸಂಗ್ರಹವೊಂದನ್ನು ಸಾರ್ವಜನಿಕರಿಗೆ ತೆರೆದು, ಮರುವರ್ಷ ಅದನ್ನು ಎಲ್ಲ ಬಗೆಯ ಜಾಹೀರಾತುಗಳಿಗೂ ವಿಸ್ತರಿಸಿತು. ಗೂಗಲ್ ಸಂಸ್ಥೆಯು 2023ರಲ್ಲಿ ತನ್ನ ಪಾರದರ್ಶಕ ಭಂಡಾರವನ್ನು ತೆರೆಯಿತು. ಯಾರು ಬೇಕಾದರೂ ಅಲ್ಲಿಗೆ ಹೋಗಿ, ಯಾವ ಅಂಗಡಿಯ ಹೆಸರನ್ನು ಬೇಕಾದರೂ ಬರೆದು, ಆ ಅಂಗಡಿ ಈ ಹೊತ್ತು ಯಾವ ಯಾವ ಜಾಹೀರಾತನ್ನು ನಡೆಸುತ್ತಿದೆಯೆಂಬುದನ್ನು ನೋಡಬಹುದು. ಪ್ರಜಾಪ್ರಭುತ್ವದ ರಕ್ಷಣೆಗೆಂದು ತೆರೆದ ಕಿಟಕಿಯಿಂದ ಜವಳಿ ವ್ಯಾಪಾರಿ ಎದುರಂಗಡಿಯ ಬೋರ್ಡನ್ನು ಓದುತ್ತಿದ್ದಾನೆ. ಐರೋಪ್ಯ ಒಕ್ಕೂಟದಲ್ಲಿ ಕಾನೂನೇ ಈ ಕಿಟಕಿಯನ್ನು ವಿಧಿಸಿರುವುದರಿಂದ, ನಿಂತುಹೋದ ಜಾಹೀರಾತೂ ಒಂದು ವರ್ಷದವರೆಗೆ ಅಲ್ಲಿ ಉಳಿದಿರುತ್ತದೆ, ಎಷ್ಟು ಜನರನ್ನು ಮುಟ್ಟಿತೆಂಬ ಲೆಕ್ಕವೂ ಜೊತೆಗಿರುತ್ತದೆ. ನಮ್ಮಲ್ಲಿ ಫೇಸ್‌ಬುಕ್ಕಿನ ಸಂಗ್ರಹದಲ್ಲಿ ಸೀರೆಯ ಜಾಹೀರಾತು ನಿಂತ ಕ್ಷಣವೇ ಕಣ್ಮರೆ. ಖರ್ಚೆಷ್ಟು, ನೋಡಿದವರೆಷ್ಟು ಎಂಬುದೂ ತಿಳಿಯದು. ಆದುದರಿಂದಲೇ ಅದನ್ನು ಪ್ರತಿದಿನವೂ ತಪ್ಪದೆ ನೋಡಿ ಪ್ರತಿಯನ್ನು ತೆಗೆದಿಟ್ಟುಕೊಳ್ಳುವ, ಬೇಸರವನ್ನರಿಯದ ಒಬ್ಬ ಗುಮಾಸ್ತ ಬೇಕಾಯಿತು.

ಆ ಗುಮಾಸ್ತನ ಕೆಲಸ ಪ್ರತಿಯನ್ನು ತೆಗೆದಿಡುವಲ್ಲಿಗೆ ಮುಗಿಯುವುದಿಲ್ಲ. ಚಿತ್ರದ ಮೇಲೆ ಓರೆಯಾಗಿಯೋ ಬಳ್ಳಿಯಂತೆ ಬಳುಕಿಯೋ ಬರೆದಿರುವ ಅಕ್ಷರಗಳನ್ನು ಗುರುತಿಸಿ, ಚಿತ್ರವನ್ನಾಗಲಿ ವಾಕ್ಯವನ್ನಾಗಲಿ ಒಂದು ಉದ್ದನೆಯ ಸಂಖ್ಯಾಮಾಲೆಯನ್ನಾಗಿ ಪರಿವರ್ತಿಸಿಕೊಂಡು, ಎರಡು ಮಾಲೆಗಳು ಒಂದಕ್ಕೊಂದು ಸಮೀಪವಾಗಿದ್ದರೆ ಅವುಗಳ ಅರ್ಥವೂ ಸಮೀಪವೆಂದು ಎಣಿಸಿ, ನಿನ್ನೆಯ ಜಾಹೀರಾತೇ ಇಂದು ಬಣ್ಣ ಬದಲಿಸಿಕೊಂಡು ಬಂದಿದೆಯೆ ಅಥವಾ ಇದು ನಿಜವಾಗಿ ಹೊಸದೆ ಎಂಬುದನ್ನು ತೀರ್ಮಾನಿಸಿ, ಕಡೆಗೆ ಯಜಮಾನನ ಮೇಜಿನ ಮೇಲೆ ಸರಳವಾದ ಕನ್ನಡದಲ್ಲಿ ಒಂದು ಪುಟದ ವರದಿಯನ್ನು ಇಡುವುದು ಅದರ ದಿನಚರಿ. ಹಿಂದಿನ ಗಣಕಕ್ರಮಗಳಿಗೆ ಒಂದೊಂದು ಶಬ್ದವನ್ನೂ ಹೇಳಿಕೊಡಬೇಕಾಗಿತ್ತು. ರಿಯಾಯಿತಿಯೆಂದು ಹೇಳಿಕೊಟ್ಟರೆ ಕೊಡುಗೆ, ಆಫರ್, ಧಮಾಕಾ ಎಂಬವು ಕೈತಪ್ಪಿ ಹೋಗುತ್ತಿದ್ದುವು, ತಮಿಳಿನ ತಳ್ಳುಪಡಿಯ ಮಾತಂತೂ ದೂರ ಉಳಿಯಿತು. ಅಪಾರವಾದ ಬರಹವನ್ನು ಓದಿ ಪಳಗಿದ ಈಗಿನ ಭಾಷಾಮಾದರಿಗಳು ಇವೆಲ್ಲವೂ ಒಂದೇ ಗೋತ್ರದವೆಂದು ಸಂದರ್ಭದಿಂದಲೇ ಊಹಿಸಬಲ್ಲವು. ಆದರೂ ಮರಾಠಿಯಲ್ಲಿ ಸೂಟ್ ಎಂದರೆ ರಿಯಾಯಿತಿಯೂ ಹೌದು, ಕೋಟು ಷರಾಯಿಗಳ ಉಡುಪೂ ಹೌದು. ಬೆಳಗಾವಿಯ ಸೀರೆಯಂಗಡಿಯೊಂದು ಇದ್ದಕ್ಕಿದ್ದಂತೆ ಗಂಡಸರ ಉಡುಪಿನ ವ್ಯಾಪಾರಕ್ಕಿಳಿದಿದೆಯೆಂದು ವರದಿ ಬಂದರೆ, ಯಜಮಾನನು ಗಾಬರಿಗೊಳ್ಳುವ ಮೊದಲು ಮರಾಠಿ ಬಲ್ಲವರೊಬ್ಬರನ್ನು ಕೇಳುವುದು ಕ್ಷೇಮ. ಅದೇ ಊರಿನಲ್ಲಿ ಒಂದೇ ಅಂಗಡಿ ಒಂದೇ ದಿನದ ಹಬ್ಬಕ್ಕೆ ಕನ್ನಡದಲ್ಲಿ ಯುಗಾದಿಯ ಕೊಡುಗೆಯನ್ನೂ ಮರಾಠಿಯಲ್ಲಿ ಗುಡಿ ಪಾಡವಾದ ಕೊಡುಗೆಯನ್ನೂ ಸಾರಿದರೆ, ಅವೆರಡನ್ನೂ ಒಂದೆಂದು ತಿಳಿಯದ ಯಂತ್ರಕ್ಕೆ ಪ್ರತಿಸ್ಪರ್ಧಿಯ ಉತ್ಸಾಹ ಇಮ್ಮಡಿಯಾದಂತೆ ಕಾಣುತ್ತದೆ.

ಹೇಳದೆ ಬಿಟ್ಟ ಮಾತಿನಲ್ಲಿಯೇ ಅರ್ಥವಿರುವಲ್ಲಿ ತೊಡಕು ಇನ್ನೂ ಹೆಚ್ಚು. ಭಾದ್ರಪದ ಹತ್ತಿರವಾದಾಗ ಜಾಹೀರಾತೊಂದು ತವರಿನಿಂದ ಬಂದ ಸೀರೆಯೆಂದಷ್ಟೇ ಹೇಳಿ ಸುಮ್ಮನಾದರೆ, ಹಳೆಯ ಮೈಸೂರಿನ ಯಾವ ಹೆಣ್ಣುಮಗಳಿಗೂ ಅದು ಗೌರಿಹಬ್ಬದ ಬಾಗಿನವೆಂದು ಬೇರೆ ಹೇಳಬೇಕಾಗಿಲ್ಲ. ಯಂತ್ರವು ಮಾತ್ರ ಅದನ್ನು ಹಬ್ಬದ ಹೆಸರಿಲ್ಲದ ಸಾಮಾನ್ಯ ಜಾಹೀರಾತುಗಳ ಕಟ್ಟಿಗೆ ಸೇರಿಸಿಬಿಡಬಹುದು. ಚಿನ್ನದ ಅಂಗಡಿಗಳ ವಿಷಯವೂ ಇಂಥದೇ. ಒಂದು ಊರಿನಲ್ಲಿ ಆ ದಿನದ ಚಿನ್ನದ ದರ ಬಹುಮಟ್ಟಿಗೆ ಎಲ್ಲ ಅಂಗಡಿಗಳಲ್ಲಿಯೂ ಸಮಾನ. ಸ್ಪರ್ಧೆಯೆಲ್ಲ ನಡೆಯುವುದು ಕೂಲಿಯಲ್ಲಿ, ವೇಸ್ಟೇಜಿನಲ್ಲಿ, ಹಳೆಯ ಒಡವೆಯ ಬದಲಾವಣೆಯಲ್ಲಿ. ಇದನ್ನರಿಯದೆ ದರಗಳನ್ನೇ ಅಕ್ಕಪಕ್ಕದಲ್ಲಿಟ್ಟು ಹೋಲಿಸಿದ ವರದಿಯು ಎಷ್ಟು ಅಂದವಾಗಿದ್ದರೂ ನಿಷ್ಪ್ರಯೋಜಕ.

ಆದರೆ ಯಂತ್ರವು ಅತ್ಯಂತ ಸಹಜವಾಗಿ ಮುಗ್ಗರಿಸುವುದು ಕಾಲದ ಲೆಕ್ಕದಲ್ಲಿ. ಹೋದ ವರ್ಷದ ಇದೇ ವಾರಕ್ಕೂ ಈ ವರ್ಷದ ಇದೇ ವಾರಕ್ಕೂ ಹೋಲಿಕೆ ಮಾಡುವುದು ವಾಣಿಜ್ಯಶಾಸ್ತ್ರದ ಮೊದಲ ಪಾಠ. ಆ ಪಾಠವು ಕ್ರಿಸ್ಮಸ್ ಹಬ್ಬವು ಪ್ರತಿವರ್ಷವೂ ಡಿಸೆಂಬರ್ 25ರಂದೇ ಬರುವ ದೇಶದಲ್ಲಿ ಹುಟ್ಟಿದುದು. ನಮ್ಮ ಆಷಾಢ ಚಂದ್ರನನ್ನು ಅನುಸರಿಸುವ ಮಾಸ. 2023ರಲ್ಲಿ ಅದು ಜೂನ್ 19ರಂದು ಆರಂಭವಾಗಿ ಜುಲೈ 17ರ ಅಮಾವಾಸ್ಯೆಗೆ ಮುಗಿಯಿತು. ಹಿಂದೆಯೇ ಅಧಿಕ ಶ್ರಾವಣ ಬಂದುದರಿಂದ ಎಣಿಕೆ ಮುಂದಕ್ಕೆ ಸರಿದು, 2024ರಲ್ಲಿ ಆಷಾಢ ಕಾಲಿಟ್ಟದ್ದು ಜುಲೈ 6ರಂದು. ಪಂಚಾಂಗವನ್ನು ಕಂಡರಿಯದ ಯಂತ್ರವೊಂದು 2024ರ ಜೂನ್ ಕೊನೆಯ ವಾರದಲ್ಲಿ ಮೈಸೂರಿನ ಕಡೆಗೆ ಕಣ್ಣುಹಾಯಿಸಿದರೆ, ಹಿಂದಿನ ವರ್ಷ ಅದೇ ವಾರದಲ್ಲಿ ಭರಾಟೆಯಿಂದ ಮಾರುತ್ತಿದ್ದ ಅಂಗಡಿಗಳೆಲ್ಲ ಮೌನವಾಗಿರುವುದನ್ನು ಕಂಡು, ಪ್ರತಿಸ್ಪರ್ಧಿಗಳು ದಣಿದಿದ್ದಾರೆ, ಮುನ್ನುಗ್ಗಲು ಇದೇ ಸಮಯ ಎಂದು ಸಲಹೆ ಕೊಟ್ಟೀತು. ಅವರು ದಣಿದಿರಲಿಲ್ಲ, ಅಮಾವಾಸ್ಯೆಗಾಗಿ ಕಾಯುತ್ತಿದ್ದರು.

ಊರಿಂದೂರಿಗೆ ಹೋಲಿಸುವಾಗ ಈ ಗೊಂದಲ ಮತ್ತೊಂದು ಸುತ್ತು ಬೆಳೆಯುತ್ತದೆ. ಕೊಯಮತ್ತೂರಿನ ಆಡಿ ತಿಂಗಳು ಸೂರ್ಯನನ್ನು ಅನುಸರಿಸುವುದರಿಂದ ಪ್ರತಿವರ್ಷವೂ ಜುಲೈ ನಡುವೆಯೇ ಆರಂಭವಾಗುತ್ತದೆ. 2023ರಲ್ಲಿ ಮೈಸೂರಿನ ಆಷಾಢ ಮುಗಿದ ದಿನವೇ ಅಲ್ಲಿ ಆಡಿ ಹುಟ್ಟಿತು. ಕೋಲ್ಕತ್ತದಲ್ಲಿ ಇಂಥ ರಿಯಾಯಿತಿಯ ಕಾಲ ಚೈತ್ರ, ಎಂದರೆ ಅವರ ವರ್ಷ ಮುಗಿದು ಹಳೆಯ ಸರಕು ಖಾಲಿಯಾಗಬೇಕಾದ ಮಾರ್ಚ್ ಏಪ್ರಿಲುಗಳ ಹೊತ್ತು. ಇಷ್ಟು ದೂರ ಹೋಗುವುದೇಕೆ, ಘಟ್ಟ ಇಳಿದರೆ ಸಾಕು. ಮೈಸೂರಿನಲ್ಲಿ ಶ್ರಾವಣದ ಸಡಗರ ಆರಂಭವಾದರೂ ಮಂಗಳೂರಿನ ಅಂಗಡಿಗಳು ಇನ್ನೂ ರಿಯಾಯಿತಿಯಲ್ಲಿಯೇ ಏಕಿವೆಯೆಂದು ಮುಖ್ಯ ಕಚೇರಿಯವರು ಫೋನಿನಲ್ಲಿ ಕೇಳಿದರೆ, ಅಲ್ಲಿಯ ಮ್ಯಾನೇಜರು, "ಇಲ್ಲಿ ಆಷಾಢ ಅಲ್ಲ ಸಾರ್, ಆಟಿ," ಎಂದು ಉತ್ತರ ಕೊಟ್ಟಾರು. ತುಳುವರ ಆಟಿಯೂ ಸೌರಮಾಸವೆಂಬ ಈ ಒಂದು ಮಾತು ಸಾವಿರ ಚಿತ್ರಗಳ ಸಂಗ್ರಹದಲ್ಲಿ ಎಲ್ಲಿಯೂ ಬರೆದಿರುವುದಿಲ್ಲ. ಹೇಳಿಕೊಟ್ಟರೆ ಯಂತ್ರವು ಇದನ್ನು ಮರೆಯಲಾರದು. ಆದರೆ ಹೇಳಿಕೊಡಬೇಕಾದುದು ಇದೆಯೆಂದು ಮೊದಲು ಯಾರಿಗಾದರೂ ಹೊಳೆಯಬೇಕು.

ಪ್ರತಿಸ್ಪರ್ಧಿಯನ್ನು ನೋಡುವ ಕೆಲಸವನ್ನಷ್ಟೇ ಅಲ್ಲದೆ, ನೋಡಿ ಪ್ರತಿಕ್ರಿಯೆ ತೋರಿಸುವ ಕೆಲಸವನ್ನೂ ಯಂತ್ರಕ್ಕೇ ಒಪ್ಪಿಸಿದರೆ ಏನಾಗುವುದೆಂಬುದಕ್ಕೆ 2011ರಲ್ಲಿ ಅಮೆಜಾನಿನಲ್ಲಿ ನಡೆದ ಪ್ರಸಂಗ ಇಂದಿಗೂ ಉತ್ತಮ ದೃಷ್ಟಾಂತ. ನೊಣದ ಬೆಳವಣಿಗೆಯನ್ನು ಕುರಿತ ಪೀಟರ್ ಲಾರೆನ್ಸ್ ಅವರ ಶಾಸ್ತ್ರಗ್ರಂಥವೊಂದನ್ನು ಇಬ್ಬರು ಮಾರಾಟಗಾರರು ಅಲ್ಲಿ ಇಟ್ಟಿದ್ದರು. ಒಬ್ಬನ ಗಣಕವು ಎದುರಾಳಿಯ ಬೆಲೆಯನ್ನು 0.9983ರಿಂದ ಗುಣಿಸಿ ತನ್ನ ಬೆಲೆಯನ್ನು ಕೂದಲೆಳೆಯಷ್ಟು ಕೆಳಗೆ ಇಡುತ್ತಿತ್ತು. ಇನ್ನೊಬ್ಬನದು, ಬಹುಶಃ ಪುಸ್ತಕ ತನ್ನಲ್ಲಿಲ್ಲದೆ ಮೊದಲಿನವನಿಂದಲೇ ಕೊಂಡು ಕೊಡುವ ಎಣಿಕೆಯಿಂದ, ಅವನ ಬೆಲೆಯ 1.270589ರಷ್ಟನ್ನು ಕೇಳುತ್ತಿತ್ತು. ಒಂದೊಂದು ಸುತ್ತಿಗೂ ಬೆಲೆ ಸುಮಾರು ನೂರಕ್ಕೆ 27ರಂತೆ ಏರುತ್ತ, ಏಪ್ರಿಲ್ 18ರಂದು 2,36,98,655 ಡಾಲರು 93 ಸೆಂಟುಗಳನ್ನು ಮುಟ್ಟಿತು. ಸಾಗಣೆಯ ವೆಚ್ಚ ಬೇರೆ. ಇದನ್ನು ಗಮನಿಸಿ ಲೆಕ್ಕ ಬಿಡಿಸಿದವರು ಜೀವಶಾಸ್ತ್ರಜ್ಞ ಮೈಕೆಲ್ ಐಸೆನ್. ಎರಡು ಯಂತ್ರಗಳೂ ಎದುರಂಗಡಿಯನ್ನು ಎವೆಯಿಕ್ಕದೆ ನೋಡುತ್ತಿದ್ದುವು, ಲೆಕ್ಕದಲ್ಲಿ ಎರಡೂ ತಪ್ಪಿರಲಿಲ್ಲ. ಚಿಕ್ಕಪೇಟೆಯ ಹುಡುಗನಾಗಿದ್ದರೆ ಎರಡನೆಯ ಸಲಕ್ಕೇ ನಕ್ಕು ಹಿಂದಿರುಗುತ್ತಿದ್ದ.

ನ್ಯಾಯದ ಗಡಿಗಳನ್ನು ಕುರಿತು ಎರಡು ಮಾತು. ಬೀದಿಯಲ್ಲಿ ನಿಂತು ಬೋರ್ಡನ್ನು ಓದುವುದಕ್ಕೆ ಅಡ್ಡಿಯಿಲ್ಲ. ಆದರೆ ಸಾರ್ವಜನಿಕವಾಗಿ ಕಾಣುವುದನ್ನೆಲ್ಲ ಯಂತ್ರದಿಂದ ಬಾಚಿಕೊಳ್ಳಬಹುದೆ ಎಂಬುದು ವಿವಾದಗ್ರಸ್ತ. ಅಮೆರಿಕದ ಹೈಕ್ಯೂ ಮತ್ತು ಲಿಂಕ್ಡ್‌ಇನ್ ಸಂಸ್ಥೆಗಳ ವ್ಯಾಜ್ಯದಲ್ಲಿ, ತೆರೆದ ಪುಟಗಳನ್ನು ಬಾಚುವುದು ಗಣಕದೊಳಕ್ಕೆ ನುಗ್ಗಿದಂತೆ ಆಗಲಾರದೆಂಬ ಅಭಿಪ್ರಾಯ 2022ರ ಏಪ್ರಿಲಿನಲ್ಲಿ ಮೇಲ್ಮನವಿ ನ್ಯಾಯಾಲಯದಿಂದ ಬಂದರೂ, ಅದೇ ವರ್ಷದ ನವೆಂಬರಿನಲ್ಲಿ ಕೆಳಗಿನ ನ್ಯಾಯಾಲಯವು ಹೈಕ್ಯೂ ಬಳಕೆಯ ಕರಾರನ್ನು ಮುರಿದಿದೆಯೆಂದಿತು. ಪರಸ್ಪರ ನೋಡಿಕೊಳ್ಳುವುದು ಪರಸ್ಪರ ಒಪ್ಪಿಕೊಳ್ಳುವುದಾಗಿ ತಿರುಗಿದರಂತೂ ಅಪರಾಧವೇ ಸರಿ: ಅಮೆಜಾನಿನಲ್ಲಿ ಗೋಡೆಚಿತ್ರಗಳನ್ನು ಮಾರುತ್ತಿದ್ದವರು ಬೆಲೆಯನ್ನು ಒಟ್ಟಾಗಿ ನಿರ್ಧರಿಸಿ ಅದನ್ನು ಗಣಕಕ್ರಮದಿಂದ ಜಾರಿಗೊಳಿಸಿದುದಕ್ಕಾಗಿ ಅಲ್ಲಿಯ ಸರ್ಕಾರ 2015ರಲ್ಲಿ ಮೊಕದ್ದಮೆ ಹೂಡಿತು. ನಮ್ಮ 2002ರ ಸ್ಪರ್ಧಾ ಕಾಯ್ದೆಯೂ ಇಂಥ ಬೆಲೆಗೂಟವನ್ನು ನಿಷೇಧಿಸುತ್ತದೆ.

ಇನ್ನು, ಈ ಚಾರನಿಗೆ ಕಾಣದ ಲೋಕವೂ ಒಂದಿದೆ. ಮುಂಜಾನೆಯ ಪತ್ರಿಕೆಯ ಮಡಿಕೆಯಲ್ಲಿ ಬರುವ ಕರಪತ್ರ, ಮೈಕು ಕಟ್ಟಿಕೊಂಡು ಬಡಾವಣೆಯಿಂದ ಬಡಾವಣೆಗೆ ಸುತ್ತುವ ಆಟೋರಿಕ್ಷಾ, ಜಾತ್ರೆಯ ಕಮಾನಿನ ಮೇಲಿನ ಹೆಸರು, ಹಳೆಯ ಗಿರಾಕಿಗಳ ವಾಟ್ಸಾಪಿಗೆ ಗುಟ್ಟಾಗಿ ಹೋಗುವ ಸಂದೇಶ, ಇವು ಯಾವುವೂ ಅದರ ಕಣ್ಣಿಗೆ ಬೀಳವು. ಸ್ಥಳೀಯ ವ್ಯಾಪಾರಿಯ ಶಕ್ತಿ ಹೆಚ್ಚಾಗಿ ಇರುವುದು ಇವುಗಳಲ್ಲಿಯೇ. ಸಾಲದುದಕ್ಕೆ, ಮಸುಕಾದ ಚಿತ್ರದಲ್ಲಿ ಕಾಣದ ಅಂಕಿಯನ್ನು ಊಹಿಸಿ, ಕಂಡೆನೆಂದೇ ಬರೆದುಬಿಡುವ ಚಾಳಿಯೂ ಭಾಷಾಮಾದರಿಗಳಿಗೆ ಉಂಟು. ವರದಿಯ ಒಂದೊಂದು ಸಾಲಿಗೂ ಮೂಲಚಿತ್ರವನ್ನು ಲಗತ್ತಿಸಬೇಕೆಂದು ವಿಧಿಸುವುದು ಇದಕ್ಕೆ ಅರ್ಧ ಮದ್ದು. ಉಳಿದರ್ಧಕ್ಕೆ ಕೌಟಿಲ್ಯನ ಕಡೆಗೆ ತಿರುಗಬೇಕು: ಒಬ್ಬರನ್ನೊಬ್ಬರು ಅರಿಯದ ಮೂವರು ಚಾರರ ಮಾತು ಒಂದಾದಾಗ ಮಾತ್ರ ನಂಬತಕ್ಕದ್ದೆಂಬುದು ಆತನ ವಿಧಿ. ಒಂದೇ ಭಂಡಾರವನ್ನು ಓದಿದ ಮೂರು ಯಂತ್ರಗಳು ಮೂವರು ಸಾಕ್ಷಿಗಳಾಗಲಾರವು. ಯಂತ್ರದ ವರದಿಯೊಂದು, ಆ ಊರಿನ ಅಂಗಡಿಯವರ ಕಣ್ಣೊಂದು, ಎದುರಂಗಡಿಯಲ್ಲಿ ಕೊಂಡು ಬಂದ ಗಿರಾಕಿಯ ಬಿಲ್ಲೊಂದು, ಈ ಮೂರೂ ಕೂಡಿದರೆ ಲೆಕ್ಕ.

2026ರ ಪಂಚಾಂಗವನ್ನು ತೆರೆದರೆ ಅಧಿಕ ಜ್ಯೇಷ್ಠದ ದೆಸೆಯಿಂದ ಆಷಾಢವು ಜುಲೈ ನಡುವಿನವರೆಗೆ ಸರಿದಿರುವುದು ಕಾಣುತ್ತದೆ. ಮೈಸೂರಿನ ಆಷಾಢ, ಮಂಗಳೂರಿನ ಆಟಿ, ಕೊಯಮತ್ತೂರಿನ ಆಡಿ ಮೂರೂ ಒಂದೇ ವಾರದಲ್ಲಿ ಆರಂಭ. ಹಿಂದಿನ ವರ್ಷಗಳಲ್ಲಿ ಹಿಂದುಮುಂದಾಗಿ ಬೆಲೆ ಇಳಿಸುತ್ತಿದ್ದ ಮೂರು ಊರುಗಳ ಪ್ರತಿಸ್ಪರ್ಧಿಗಳು ಹೀಗೆ ಒಮ್ಮೆಗೇ ಇಳಿಸಿದುದನ್ನು ಕಂಡ ಯಂತ್ರವು, ಇವರೊಳಗೆ ಏನೋ ಒಪ್ಪಂದವಾಗಿರುವಂತಿದೆಯೆಂದು ಕೆಂಪಕ್ಷರದ ಎಚ್ಚರಿಕೆಯನ್ನು ಕಳುಹಿಸಿದರೂ ಕಳುಹಿಸಬಹುದು. ಅದರ ಅಂಚಿನಲ್ಲಿ ಪೆನ್ಸಿಲಿನಿಂದ "ಪಂಚಾಂಗ ನೋಡಿ" ಎಂದು ಬರೆದು ಹಿಂದಕ್ಕೆ ಕಳುಹಿಸಬಲ್ಲ ಗುಮಾಸ್ತನೊಬ್ಬನ ಸಂಬಳವನ್ನು ನಮ್ಮ ಸೀರೆಯ ವರ್ತಕನು ಆ ವರ್ಷವಾದರೂ ಉಳಿಸಿಕೊಂಡಿರಬೇಕಾಗುತ್ತದೆ.