ಯಂತ್ರದ ಅಂಕಿಯನ್ನು ಅನುಮಾನಿಸುವ ಕಣ್ಣು

ಬೆಳಿಗ್ಗೆ ಏಳೂವರೆಗೆ ನಮ್ಮ ತಾಲ್ಲೂಕು ಆಸ್ಪತ್ರೆಯ ಲ್ಯಾಬಿನ ಮುಂದೆ ಖಾಲಿ ಹೊಟ್ಟೆಯವರ ಸಾಲು ನಿಂತಿರುತ್ತದೆ. ಒಳಗೆ ಮೇಜಿನ ಮೇಲೆ ಬಣ್ಣದ ಮುಚ್ಚಳದ ನಳಿಕೆಗಳು. ಕೆನ್ನೀಲಿ ಮುಚ್ಚಳದ್ದರಲ್ಲಿ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಇಡಿಟಿಎ ಇರುತ್ತದೆ. ರಕ್ತಕಣ ಎಣಿಸುವುದಕ್ಕೆ ಅದು. ಬೂದು ಮುಚ್ಚಳದ್ದರಲ್ಲಿ ಫ್ಲೋರೈಡ್. ಅದಿಲ್ಲದಿದ್ದರೆ ನಳಿಕೆಯೊಳಗಿನ ಕಣಗಳೇ ಸಕ್ಕರೆಯನ್ನು ತಿಂದು, ಮಧುಮೇಹಿಯ ರಿಪೋರ್ಟನ್ನೂ ಚೆನ್ನಾಗಿ ಕಾಣಿಸಿಬಿಡುತ್ತವೆ. ಯಾವ ನಳಿಕೆ ಮೊದಲು, ಯಾವುದು ಆಮೇಲೆ ಎಂಬುದಕ್ಕೂ ಕ್ರಮವಿದೆ. ಕೆನ್ನೀಲಿ ನಳಿಕೆಯ ರಾಸಾಯನಿಕ ಚೂರು ಸೋಕಿದರೂ ಮುಂದಿನ ನಳಿಕೆಯಲ್ಲಿ ಪೊಟ್ಯಾಷಿಯಂ ಏರಿದಂತೆ, ಕ್ಯಾಲ್ಸಿಯಂ ಇಳಿದಂತೆ ಕಾಣುತ್ತದೆ. ಇದನ್ನೆಲ್ಲ ಮನಸ್ಸಿನಲ್ಲಿಟ್ಟುಕೊಂಡೇ ಟೆಕ್ನಿಷಿಯನ್ ಹುಡುಗಿ ಹೇಳುತ್ತಿರುತ್ತಾಳೆ: “ಮುಷ್ಟಿ ಬಿಗಿ ಹಿಡೀರಿ ಅಜ್ಜಿ, ಇರುವೆ ಕಚ್ಚಿದ ಹಾಗೆ ಅಷ್ಟೇ.”

ನನಗೆ ಈ ಕೆಲಸದ ಬೆಲೆ ತಿಳಿದದ್ದು ಡೆಂಗಿ ಹಬ್ಬಿದ್ದ ಒಂದು ಮಳೆಗಾಲದಲ್ಲಿ. ಅಕ್ಕನ ಮಗನಿಗೆ ಏಳು ವರ್ಷ. ಜ್ವರ ಬಂದು ನಾಲ್ಕನೇ ದಿನ ಪ್ಲೇಟ್‌ಲೆಟ್ 28,000 ಎಂದು ಯಂತ್ರ ಹೇಳಿತು. ಹಿಂದಿನ ಸಂಜೆ ಒಂದು ಲಕ್ಷದ ಮೇಲಿತ್ತು. ಅಕ್ಕ ಕುಸಿದು ಕೂತಳು, ಭಾವ ಬೆಂಗಳೂರಿಗೆ ಕಾರು ಹುಡುಕತೊಡಗಿದರು. ರಾತ್ರಿ ಪಾಳಿಯ ಟೆಕ್ನಿಷಿಯನ್ ಮಾತ್ರ ಆ ಅಂಕಿಯನ್ನು ಅಲ್ಲಿಗೇ ಬಿಡಲಿಲ್ಲ. ಹುಡುಗ ಎದ್ದು ಕೂತು ಎಳನೀರು ಕುಡಿಯುತ್ತಿದ್ದಾನೆ, ಎಲ್ಲಿಯೂ ರಕ್ತ ಒಸರಿಲ್ಲ, ಅಂಕಿ ಹೀಗೆ ಧೊಪ್ಪನೆ ಬಿದ್ದದ್ದೇಕೆ ಎಂಬ ಅನುಮಾನ ಅವರಿಗೆ.

ಮೊದಲು ನಳಿಕೆಯಲ್ಲಿ ಗರಣೆ ಕಟ್ಟಿದೆಯೇ ಎಂದು ಕಡ್ಡಿಯಿಂದ ನೋಡಿದರು. ಇರಲಿಲ್ಲ. ಗಾಜಿನ ಪಟ್ಟಿಯ ಒಂದು ತುದಿಗೆ ಸಾಸಿವೆಗಿಂತ ಸ್ವಲ್ಪ ದೊಡ್ಡ ಹನಿ ಇಟ್ಟು, ಇನ್ನೊಂದು ಪಟ್ಟಿಯನ್ನು ಓರೆಯಾಗಿ ಹಿಡಿದು ತಾಗಿಸಿದರು. ಹನಿ ಅಂಚಿನುದ್ದಕ್ಕೂ ಹರಡಿಕೊಂಡ ಕೂಡಲೇ ಒಂದೇ ಎಳೆತ. ನಡುವೆ ಕೈ ತಡೆದರೆ ಪದರದಲ್ಲಿ ಮೆಟ್ಟಿಲು ಬೀಳುತ್ತದೆ, ನಿಧಾನಿಸಿದರೆ ಬಿಳಿಕಣಗಳೆಲ್ಲ ತುದಿಗೆ ಹೋಗಿ ಸೇರುತ್ತವೆ. ಗಾಜಿನ ಮೇಲೆ ನಾಲಿಗೆಯಾಕಾರದ ಪದರ ಮೂಡಿತು, ತುದಿಯಲ್ಲಿ ಹಕ್ಕಿಗರಿಯಷ್ಟು ತೆಳು. ಗಾಳಿಗೆ ಒಣಗಿಸಿ ಲೀಷ್ಮನ್ ಬಣ್ಣ ಹಾಕಿ ಎರಡು ನಿಮಿಷ, ಮೇಲೆ ಬಫರ್ ನೀರು ಬಿಟ್ಟು ಹತ್ತು ನಿಮಿಷ ಕಾದರು. ತೊಳೆದು, ಎಣ್ಣೆಯ ಹನಿ ಇಟ್ಟು, ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟವರು ಐದು ನಿಮಿಷದ ಮೇಲೆ ನನ್ನನ್ನೂ ಕರೆದರು. ತಿಳಿಗುಲಾಬಿ ಕೆಂಪುಕಣಗಳ ನಡುವೆ ಅಲ್ಲಲ್ಲಿ ನೇರಳೆ ಪುಡಿಯ ಗುಪ್ಪೆಗಳು. ಪ್ಲೇಟ್‌ಲೆಟ್‌ಗಳು ಇಡಿಟಿಎಯಲ್ಲಿ ಒಂದಕ್ಕೊಂದು ಅಂಟಿಕೊಂಡಿದ್ದವು. ಕೆಲವರ ರಕ್ತದಲ್ಲಿ ಹೀಗಾಗುತ್ತದೆಯಂತೆ. ಯಂತ್ರಕ್ಕೆ ಗುಪ್ಪೆ ಪ್ಲೇಟ್‌ಲೆಟ್ ಎಂದು ತಿಳಿಯುವುದಿಲ್ಲ, ಲೆಕ್ಕದಿಂದ ಬಿಟ್ಟುಬಿಡುತ್ತದೆ. ಅವರು ಡಾಕ್ಟರಿಗೆ ಫೋನ್ ಮಾಡಿ, ತಿಳಿನೀಲಿ ಮುಚ್ಚಳದ ಸಿಟ್ರೇಟ್ ನಳಿಕೆಯಲ್ಲಿ ಮತ್ತೆ ರಕ್ತ ತೆಗೆದು, ಸಿಟ್ರೇಟಿನಿಂದ ತೆಳುವಾದಷ್ಟನ್ನು 1.1ರಿಂದ ಗುಣಿಸಿ ಸರಿಪಡಿಸಿದರು. 96,000. ಭಾವ ಕಾರು ಬೇಡವೆಂದರು.

ಮಕ್ಕಳಿಗೆ ವಿಜ್ಞಾನ ಕೊಡಿಸಿದ ತಂದೆತಾಯಿ ವೈದ್ಯಕೀಯ ಸೀಟು ಸಿಗದಿದ್ದಾಗ ಕೈಚೆಲ್ಲಿ ಕೂರುವುದನ್ನು ನೋಡಿದಾಗೆಲ್ಲ ನನಗೆ ಆ ರಾತ್ರಿ ನೆನಪಾಗುತ್ತದೆ. ಎಂಎಲ್‌ಟಿ ಎಂದು ಎಲ್ಲರೂ ಕರೆಯುವ ಮೆಡಿಕಲ್ ಲ್ಯಾಬೊರೇಟರಿ ಟೆಕ್ನಾಲಜಿಗೆ ನಮ್ಮಲ್ಲಿ ಎರಡು ದಾರಿ. ಒಂದು, ಪ್ಯಾರಾಮೆಡಿಕಲ್ ಬೋರ್ಡಿನ ಡಿಪ್ಲೊಮಾ. ಇನ್ನೊಂದು, ಪಿಯುಸಿಯಲ್ಲಿ ಭೌತ, ರಸಾಯನ, ಜೀವಶಾಸ್ತ್ರ ಓದಿದವರಿಗೆ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದಂಥ ಕಡೆಯ ಬಿ.ಎಸ್ಸಿ. ಜೀವರಸಾಯನ, ಸೂಕ್ಷ್ಮಜೀವಿ ಶಾಸ್ತ್ರ, ರೋಗಲಕ್ಷಣ ಶಾಸ್ತ್ರ, ರಕ್ತನಿಧಿ, ಎಲ್ಲವನ್ನೂ ಓದಬೇಕು. ಆದರೆ ಕಲಿಕೆ ನಡೆಯುವುದು ಬೆಂಚಿನ ಮುಂದೆ. ಹಾಗಾಗಿ ಕಾಲೇಜಿನ ಕಟ್ಟಡ ನೋಡಿ ಮರುಳಾಗಬೇಡಿ. ಅದಕ್ಕೆ ಸ್ವಂತ ಆಸ್ಪತ್ರೆ ಇದೆಯೇ, ದಿನಕ್ಕೆ ಎಷ್ಟು ಸ್ಯಾಂಪಲ್ ಬರುತ್ತದೆ, ವಿದ್ಯಾರ್ಥಿ ಕೈಗೆ ಸೂಜಿ ಯಾವಾಗ ಕೊಡುತ್ತಾರೆ, ಇಷ್ಟು ಕೇಳಿ. ಗಾಜಿನ ಮೇಲೆ ಅಂಥ ರಕ್ತದ ಪದರ, ಅಂದರೆ ಸ್ಮಿಯರ್, ನೂರಾರು ಸಲ ಎಳೆಯದವನ ಕೈ ಪಳಗುವುದಿಲ್ಲ.

ಸಂಬಳದ ಮಾತು ಮುಚ್ಚಿಡುವುದು ತಪ್ಪಾಗುತ್ತದೆ. ಗುತ್ತಿಗೆಯ ಮೇಲೆ ದುಡಿಯುವ ಟೆಕ್ನಿಷಿಯನ್‌ಗಳಿಗೆ ಸಿಗುವುದು ಅವರ ಹೊಣೆಗೆ ತಕ್ಕದ್ದಲ್ಲ. ಒಂದು ಬಾಟಲಿ ರಕ್ತ ರೋಗಿಗೆ ಹೊಂದುತ್ತದೆಯೇ ಎಂದು ನೋಡುವ ಕ್ರಾಸ್‌ಮ್ಯಾಚ್ ತಪ್ಪಿದರೆ ಜೀವ ಹೋಗಬಹುದು. ಅಂಥ ಕೆಲಸ ಮಾಡುವವರನ್ನು ಇಷ್ಟು ಅಗ್ಗವಾಗಿ ಇಟ್ಟುಕೊಂಡಿದ್ದೇವೆ ಎಂಬ ಸಂಕಟ ನನ್ನದು. 2021ರಲ್ಲಿ ಸಂಸತ್ತು ಆರೋಗ್ಯ ಸಹವೃತ್ತಿಗಳಿಗೆ ರಾಷ್ಟ್ರೀಯ ಆಯೋಗದ ಕಾಯ್ದೆ ತಂದಿತು. ಏಕರೂಪದ ಪಠ್ಯ, ನೋಂದಣಿ ಅದರ ಗುರಿ. ಅದು ತಾಲ್ಲೂಕಿನ ಲ್ಯಾಬಿನವರೆಗೆ ಬೇಗ ಇಳಿಯಬೇಕು.

ಇಂಥ ಲ್ಯಾಬುಗಳು ಮಾಡುವ ಇನ್ನೊಂದು ಕೆಲಸ ಕ್ಷಯದ ಪತ್ತೆ. ಅದರ ವಿಚಾರಕ್ಕೆ ಬಂದರೆ ಬೆಂಗಳೂರಿಗೆ ಈ ವಿದ್ಯೆಯೊಡನೆ ಹಳೆಯ ನಂಟು. 1959ರಲ್ಲಿ ಇಲ್ಲಿ ಶುರುವಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ದೇಶದ ಲ್ಯಾಬ್ ಸಿಬ್ಬಂದಿಗೆ ಕಫ ಪರೀಕ್ಷೆಯ ತರಬೇತಿ ಕೊಡುತ್ತ ಬಂದಿದೆ. ಈಗ ಹಳ್ಳಿಯ ಆರೋಗ್ಯ ಕೇಂದ್ರಗಳಿಗೂ ಹೋಗುತ್ತಿರುವ ಟ್ರೂನ್ಯಾಟ್ ಯಂತ್ರದ ಹಿಂದೆ ಗೋವಾದ ಮೋಲ್‌ಬಯೋ ಜೊತೆ ಬೆಂಗಳೂರಿನ ಬಿಗ್‌ಟೆಕ್ ಲ್ಯಾಬ್ಸ್ ಇದೆ. ಅದು ಬ್ಯಾಟರಿಯಲ್ಲೂ ನಡೆಯುತ್ತದೆ, ಒಂದೆರಡು ತಾಸಿನಲ್ಲಿ ರೋಗಾಣುವಿನ ಡಿಎನ್ಎ ಪತ್ತೆ ಮಾಡುತ್ತದೆ. ಹಾಗೆಂದು ಗಾಜಿನ ಪಟ್ಟಿ ಮೂಲೆ ಸೇರಿಲ್ಲ. ಚಿಕಿತ್ಸೆ ಶುರುವಾದ ಮೇಲೆ ರೋಗಿ ಗುಣವಾಗುತ್ತಿದ್ದಾನೆಯೇ ಎಂದು ನೋಡಲು ಇವತ್ತಿಗೂ ಕಫದ ಸ್ಲೈಡ್ ಬೇಕು. ಸತ್ತ ರೋಗಾಣುವಿನ ಡಿಎನ್ಎಯನ್ನೂ ಯಂತ್ರ ಎತ್ತಿ ತೋರಿಸಬಹುದಲ್ಲ.

ಮೊನ್ನೆ ಸಂಜೆ ನಾನು ಹೋದಾಗ ಡೆಂಗಿಯ ಆ ರಾತ್ರಿಯ ಟೆಕ್ನಿಷಿಯನ್ ಅಂಥದೇ ಒಂದು ಸ್ಲೈಡಿನ ಮುಂದೆ ಕೂತಿದ್ದರು. ನೀಲಿ ಹಿನ್ನೆಲೆಯಲ್ಲಿ ಕೆಂಪು ಕಡ್ಡಿಯಂಥ ರೋಗಾಣು ಇಲ್ಲ ಎಂದು ಬರೆಯಬೇಕಾದರೆ ಕಡಿಮೆಯೆಂದರೆ ನೂರು ನೋಟಗಳನ್ನು ನೋಡಿರಬೇಕು. ಬಾಗಿಲಲ್ಲಿ ಆ ಸ್ಲೈಡಿನ ಯಜಮಾನ, ಆರು ತಿಂಗಳಿಂದ ಮಾತ್ರೆ ನುಂಗುತ್ತಿರುವ ಗಾರೆ ಕೆಲಸದವನು, ಚಪ್ಪಲಿ ಕಳಚಿ ನಿಂತಿದ್ದ. “ಆಯ್ತಾ ಮೇಡಂ?” ಅವರು ಕಣ್ಣೆತ್ತಲಿಲ್ಲ. ಎಡಗೈಯ ಒಂದು ಬೆರಳನ್ನಷ್ಟೇ ಮೇಲೆತ್ತಿ, “ಎಂಬತ್ತೊಂದು” ಎಂದರು.